ಔಷಧವೊಂದೇ ಸಾಲದು

ಹಸಿದವರಿಗೆ ಅನ್ನವಿಕ್ಕುವ ಕಾರ್ಯವನ್ನು ಶರಣರು ದಾನವೆನ್ನದೆ ದಾಸೋಹವೆಂದು ಕರೆದುದು ಅರ್ಥಪೂರ್ಣವಾಗಿದೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಬಡಿಸುವವನೇ ಸೇವಕನು. ಮಠಗಳ ಪ್ರಸಾದ ನಿಲಯಗಳೂ ವಿದ್ಯಾಸಂಸ್ಥೆಗಳೂ ಈ ತತ್ತ್ವದ ಅಡಿಪಾಯದ ಮೇಲೆ ಬೆಳೆದು ಬಂದಿವೆ. ಇದೇ ಅಳತೆಗೋಲಿನಿಂದ ಗ್ರಾಮಾಂತರದ ಆರೋಗ್ಯಸೇವೆಯನ್ನು ಅಳೆದು ನೋಡಿದಲ್ಲಿ ಒಂದು ವೈಪರೀತ್ಯ ಕಂಡುಬರುತ್ತದೆ. ಸೇವೆಗಳು ರೋಗಿಯ ಬಳಿಗೆ ಬರುವುದಕ್ಕೆ ಬದಲಾಗಿ ರೋಗಿಯೇ ಸೇವೆಗಳ ಬೆನ್ನುಹತ್ತಿ ಅಲೆಯಬೇಕಾಗಿದೆ.

ಗುಂಜಹಳ್ಳಿಯೇ ಮೊದಲಾದ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಕೂಲಿಕಾರನೊಬ್ಬನಿಗೆ ಕ್ಷಯರೋಗ ತಗಲಿತೆಂದು ಭಾವಿಸೋಣ. ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರ ಉಚಿತವಾಗಿ ಕೊಡುತ್ತದೆ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರವು 2018ರಿಂದ ತಿಂಗಳಿಗೆ 500 ರೂಪಾಯಿಯನ್ನೂ 2024ರ ನವೆಂಬರಿನಿಂದ 1000 ರೂಪಾಯಿಯನ್ನೂ ಗೊತ್ತುಮಾಡಿದೆ. ಆದರೆ ಅದು ಕೈಸೇರಲು ಬ್ಯಾಂಕಿನ ಖಾತೆ ಸರಿಯಾಗಿರಬೇಕು. ಪಡಿತರ ಚೀಟಿ ಆಹಾರ ಇಲಾಖೆಯದು. ಮನೆಯಲ್ಲಿರುವ ಮುದುಕಿಯ ಮಾಸಾಶನಕ್ಕೆ ನಾಡಕಚೇರಿಗೆ ಹೋಗಬೇಕು. ಅಂಗವಿಕಲ ಮಗುವಿನ ಗುರುತಿನ ಚೀಟಿಗೆ ವೈದ್ಯರ ಪ್ರಮಾಣಪತ್ರ ಬೇಕು. ಇವುಗಳಲ್ಲಿ ಯಾವುದೂ ನಿರರ್ಥಕವಾದ ಯೋಜನೆಯಲ್ಲ. ಆದರೂ ಒಂದು ಇಲಾಖೆಗೆ ಮತ್ತೊಂದರ ಪರಿಚಯವಿಲ್ಲ. ಪ್ರತಿಯೊಂದು ಬಾಗಿಲಿಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಹೀಗೆ ಅಲೆದು ದಣಿದವನು ಮೊದಲು ಕೈಬಿಡುವುದು ಔಷಧವನ್ನೇ.

ಇದಕ್ಕೆ ಗುಳೆಯ ಸಂಕಟವೂ ಸೇರಿಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಕಡೆಯ ಒಣಭೂಮಿಯ ಕುಟುಂಬಗಳು ಬೆಂಗಳೂರಿಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತವೆ. ಕ್ಷಯದ ಚಿಕಿತ್ಸೆ ಕನಿಷ್ಠ 6 ತಿಂಗಳಿನದು. ನಡುವೆ ನಿಂತರೆ ರೋಗ ಮರುಕಳಿಸುವುದಲ್ಲದೆ ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ರೋಗಿಯ ಚಿಕಿತ್ಸೆಯನ್ನು ಬೇರೆ ಊರಿನ ಆಸ್ಪತ್ರೆಗೆ ವರ್ಗಾಯಿಸುವ ಏರ್ಪಾಡು ಉಂಟು. ಆದರೆ ಆತನು ಹೊರಡುವ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮೊದಲೇ ಮುಟ್ಟಿರಬೇಕಲ್ಲವೆ?

ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಿನಲ್ಲಿ ಆರಂಭವಾದ ಧರಣಿ ನ್ಯಾಯವಾದ ಬೇಡಿಕೆಯದು. ಹಿಂದುಳಿದ ಜಿಲ್ಲೆಗೆ ಉನ್ನತ ಚಿಕಿತ್ಸೆ ದೊರೆಯಲೇಬೇಕು. ಆದರೆ ದೊಡ್ಡ ಆಸ್ಪತ್ರೆ ಬಂದ ಮಾತ್ರಕ್ಕೆ ಹಳ್ಳಿಯ ರೋಗಿಯ ಅಲೆದಾಟ ತಪ್ಪಲಾರದು. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಆತನ ಊಟ, ಕೂಲಿ, ಮಕ್ಕಳ ಓದು ಇವನ್ನು ವಿಚಾರಿಸುವವರು ಊರಿನಲ್ಲಿಯೇ ಇರಬೇಕಾಗುತ್ತದೆ.

ಇದು ಕೇವಲ ಆದರ್ಶದ ಮಾತಲ್ಲ. ಕರ್ನಾಟಕದಲ್ಲಿಯೇ ಇದನ್ನು ಮಾಡಿ ತೋರಿಸಿದವರಿದ್ದಾರೆ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿಯನ್ನಿತ್ತು, ಅಗತ್ಯವಾದ ಔಷಧಗಳು ಅಲ್ಲಿಯೇ ದೊರೆಯುವಂತೆ ಮಾಡಿತು. ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಚಿಕಿತ್ಸೆಯೊಡನೆ ಶಾಲೆಯನ್ನೂ ಜೀವನೋಪಾಯವನ್ನೂ ಜೋಡಿಸಿತು. ಯಳಂದೂರಿನಲ್ಲಿ 1986ರಲ್ಲಿ ಕುಷ್ಠರೋಗ ನಿವಾರಣೆಗೆ ತೊಡಗಿದ ಕರುಣಾ ಟ್ರಸ್ಟ್, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೇ ವಹಿಸಿಕೊಂಡಿತು.

ಅನ್ನಕ್ಕೂ ಔಷಧಕ್ಕೂ ಇರುವ ನಂಟನ್ನು ಇತ್ತೀಚಿನ ಸಂಶೋಧನೆಯೂ ಸಮರ್ಥಿಸಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ ಬೇಳೆಗಳನ್ನು ಒದಗಿಸಿದಾಗ, ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವ ಪ್ರಮಾಣ ಶೇ. 39ರಷ್ಟು ತಗ್ಗಿತು. ದಾಸೋಹದ ಅನ್ನವು ರೋಗವನ್ನೂ ತಡೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದಕ್ಕಾಗಿ ಹೊಸ ಕಟ್ಟಡವಾಗಲಿ ಹೊಸ ಸಮಿತಿಯಾಗಲಿ ಬೇಕಾಗಿಲ್ಲ. 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಆಶಾ ಕಾರ್ಯಕರ್ತೆಯರು ಬಂದಿದ್ದಾರೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳೂ ಇವೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಮತ್ತು ಶಾಲೆಯ ಒಬ್ಬ ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಕುಳಿತು, ಕಷ್ಟದಲ್ಲಿರುವ ಪ್ರತಿ ಮನೆಗೂ ಒಬ್ಬರನ್ನು ಹೊಣೆಗಾರರನ್ನಾಗಿ ಗೊತ್ತುಮಾಡಿದರೆ ಅರ್ಧ ಕಾರ್ಯ ಮುಗಿದಂತೆಯೇ ಸರಿ. ಕಚೇರಿಗಳಿಗೆ ಅಲೆಯುವ ಕೆಲಸ ಆಗ ಆ ಹೊಣೆಗಾರರದಾಗುತ್ತದೆ; ರೋಗಿ ಮನೆಯಲ್ಲಿ ವಿಶ್ರಮಿಸಬಲ್ಲನು.

ಇದರಲ್ಲಿ ಶಿಕ್ಷಕರ ಸ್ಥಾನ ಸಾಮಾನ್ಯವಾದುದಲ್ಲ. ಮನೆಯೊಂದರ ಸಂಕಟ ಅನೇಕ ವೇಳೆ ಮೊದಲು ಕಾಣುವುದು ಶಾಲೆಯ ಹಾಜರಿ ಪುಸ್ತಕದಲ್ಲಿ. ತಂದೆ ಹಾಸಿಗೆ ಹಿಡಿದರೆ ಮಗಳು ಶಾಲೆ ಬಿಡುತ್ತಾಳೆ. ಕುಟುಂಬ ಗುಳೆ ಹೊರಟರೆ ಬೆಂಚು ಬರಿದಾಗುತ್ತದೆ. ಆ ಗೈರುಹಾಜರಿಯ ಕಾರಣವನ್ನು ಅಂದೇ ವಿಚಾರಿಸಿ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಒಂದು ಚಿಕಿತ್ಸೆ ನಡುವೆ ಕಡಿಯದೆ ಉಳಿದೀತು.

ಇದೆಲ್ಲ ಸರ್ಕಾರದ ಕರ್ತವ್ಯ, ಮಠಮಾನ್ಯಗಳಿಗೇಕೆ ಎಂದು ಆಕ್ಷೇಪಿಸುವವರುಂಟು. ಔಷಧ, ವೈದ್ಯರು, ಹಣ ಇವು ಸರ್ಕಾರದ ಹೊಣೆಯೆಂಬುದು ದಿಟ. ಅದನ್ನು ಕೇಳಿ ಪಡೆಯುವ ಹಕ್ಕನ್ನು ಬಿಟ್ಟುಕೊಡಲಾಗದು. ಆದರೆ ಭಕ್ತರ ವಿಶ್ವಾಸವನ್ನು ಗಳಿಸಿರುವ ಮಠವು ಎಲ್ಲರನ್ನೂ ಒಂದೆಡೆ ಕೂಡಿಸಬಲ್ಲುದು. ದಾನಿಗಳು ಗೋಡೆಯ ಮೇಲೆ ಹೆಸರು ಕೆತ್ತಿಸುವ ಕೊಠಡಿಗೆ ಕೊಡುವಂತೆಯೇ, ಕೆಲವು ಕುಟುಂಬಗಳ 6 ತಿಂಗಳ ಬೇಳೆಕಾಳಿಗೂ ಕೊಡಬಹುದು. 2022ರ ‘ನಿಕ್ಷಯ ಮಿತ್ರ’ ಯೋಜನೆಯು ಇದಕ್ಕೆ ಅವಕಾಶವನ್ನಿತ್ತಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ನಗರಗಳಲ್ಲಿ ನೆಲೆಸಿದವರು ಗುಳೆ ಬಂದ ತಮ್ಮ ಸೀಮೆಯವರಿಗೆ ಅಲ್ಲಿಯ ಆಸ್ಪತ್ರೆಯ ದಾರಿ ತೋರಿಸಬಹುದು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಕ್ಷಯ, ಕುಷ್ಠ, ಮನೋರೋಗಗಳಿಗೆ ಇಂದಿಗೂ ಕಳಂಕ ಅಂಟಿಕೊಂಡಿದೆ. ರೋಗಿಯ ಒಪ್ಪಿಗೆಯಿಲ್ಲದೆ ಆತನ ಹೆಸರನ್ನು ಸಭೆಯಲ್ಲಿ ಎತ್ತಬಾರದು. ಆಹಾರದ ಪೊಟ್ಟಣ ಕೊಡುವಾಗ ಭಾವಚಿತ್ರ ತೆಗೆಸಬಾರದು. ಹಾಗೆ ಮಾಡಿದ ಕ್ಷಣವೇ ದಾಸೋಹವು ಮತ್ತೆ ಬರಿಯ ದಾನವಾಗುತ್ತದೆ. ಈ ವಿವೇಕವನ್ನು ಕಾಯ್ದುಕೊಂಡು ಶಾಲೆ, ಮಠ, ಪಂಚಾಯಿತಿ ಮತ್ತು ಆರೋಗ್ಯ ಕೇಂದ್ರಗಳು ಕೈಜೋಡಿಸಲಿ. ರಾಯಚೂರು ಸೀಮೆಯ ರೋಗಿಯು ಅಲೆಯದೆ ಗುಣಹೊಂದುವ ಕಾಲವು ಬೇಗನೆ ಒದಗಲಿ.