ಹಾಡಿದವಳ ಹೆಸರು

1950ರಲ್ಲಿ ಪ್ರಕಟವಾದ ಗೊಂಬ್ರಿಚ್ ಪಂಡಿತರ ಸುಪ್ರಸಿದ್ಧ ಕಲಾಚರಿತ್ರೆಯ ಮೊದಲ ಆವೃತ್ತಿಯಲ್ಲಿ ಒಬ್ಬ ಕಲಾವಿದೆಗೂ ಎಡೆಯಿರಲಿಲ್ಲ. ಮಹಾ ಕಲಾವಿದೆಯರೇಕೆ ಹುಟ್ಟಲಿಲ್ಲವೆಂಬ ಪ್ರಶ್ನೆಯನ್ನೇ 1971ರಲ್ಲಿ ಕೈಗೆತ್ತಿಕೊಂಡ ಲಿಂಡಾ ನಾಕ್ಲಿನ್ ಎಂಬ ವಿದುಷಿ, ಹೆಣ್ಣಿಗೆ ಕಲಿಕೆಯ ಬಾಗಿಲನ್ನೇ ಮುಚ್ಚಿದ್ದ ವ್ಯವಸ್ಥೆಯತ್ತ ಬೆರಳು ತೋರಿದರು. ಪಶ್ಚಿಮದವರ ಈ ಜಗಳಕ್ಕೆ ನಾವು ದೂರದಿಂದ ತಲೆದೂಗಿದರೆ ಸಾಲದು. ನಮ್ಮ ಬೇಲೂರಿನ ಮದನಿಕೆಯರ ಪೀಠಗಳಲ್ಲಿ ದಾಸೋಜ, ಚಾವಣ ಮೊದಲಾದ ರೂವಾರಿಗಳ ಹೆಸರುಗಳುಂಟು. ರೂಪ ಹೆಣ್ಣಿನದು, ರುಜು ಗಂಡಿನದು.

ಲಾಯಿಲದಿಂದ ಉಜಿರೆಯತ್ತ ನಡೆದರೆ ಮಾಚಾರು ಬಹಳ ದೂರವಲ್ಲ. ಅಲ್ಲಿಯ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ 1990ರಲ್ಲಿ ದಾಖಲಿಸಿಕೊಂಡು 1998ರಲ್ಲಿ ಅಚ್ಚಿಗೆ ತಂದರು. 15,683 ಸಾಲುಗಳ ಕಾವ್ಯ! ಹಾಡಿದವರ ಹೆಸರು ಲೋಕಕ್ಕೆ ತಿಳಿಯಿತು, ಅದು ನ್ಯಾಯವೇ. ಆದರೆ ಸಿರಿಯ ಕಥೆ ಬೆಳೆದುಬಂದದ್ದು ನೇಜಿ ನೆಡುವ ಹೆಂಗಸರ ಕೊರಳಿನಲ್ಲಿಯೂ ಅಲ್ಲವೆ? ಸೊಂಟ ಬಗ್ಗಿಸಿ, ಕೆಸರಿನಲ್ಲಿ ಕೈಯಾಡಿಸುತ್ತ, ಒಬ್ಬಳು ಹೇಳಿಕೊಡುವಳು, ಮಿಕ್ಕವರು ಸೊಲ್ಲು ಕೂಡಿಸುವರು. ಕಥೆಯ ಎಳೆ ಕಡಿಯದಂತೆ ಹೊತ್ತು ನಡೆಸುವವಳು ಮುಂದಾಳು. ಅವಳ ಹಾಡನ್ನು ‘ಜನಪದ’ವೆಂದು ಕರೆದು, ಅವಳ ಹೆಸರನ್ನು ಕೇಳುವ ಶ್ರಮದಿಂದ ನಾವು, ಮುಖ್ಯವಾಗಿ ಕನ್ನಡದ ಅಧ್ಯಾಪಕರು, ತಪ್ಪಿಸಿಕೊಂಡೆವು.

ಯಕ್ಷಗಾನದ ಮಾತು ಬೇರೆ, ಅಲ್ಲಿ ಭಾಗವತರ ಹೆಸರು ಕರಪತ್ರದಲ್ಲೇ ಇರುವುದೆನ್ನಬಹುದು. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಜನಿಸಿದ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತ ಬಲ್ಲವರು. ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆಯನ್ನು ಕಲಿತು, ಗಂಡಸರೇ ತುಂಬಿದ್ದ ಮೇಳಗಳ ತಿರುಗಾಟದಲ್ಲಿ ದಶಕಗಳ ಕಾಲ ಹಾಡಿದರು. ರಾಜ್ಯೋತ್ಸವ ಪ್ರಶಸ್ತಿ ಅವರನ್ನು ತಲುಪಿದ್ದು 2023ರಲ್ಲಿ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಎಲ್ಲರೂ ಬಲ್ಲರು. ಆದರೆ ‘ಮೊದಲ ಮಹಿಳೆ’ಯೆಂಬ ಗೌರವದ ಮಾತಿನಲ್ಲಿ ಒಂದು ಉಪಾಯವಿದೆ, ಅಷ್ಟು ಹೇಳಿದರೆ ಅವರ ರಾಗ, ಪದ್ಯವನ್ನೆತ್ತುವ ಬಗೆ, ರಂಗವನ್ನು ನಡೆಸಿದ ರೀತಿ ಇವುಗಳ ವಿಮರ್ಶೆಯ ಹೊಣೆ ತೀರಿತೆಂದು ನಾವು ಭಾವಿಸುತ್ತೇವೆ. ಗಂಡು ಭಾಗವತರ ಶೈಲಿಗಳ ಮೇಲೆ ನಾವು ಹೊತ್ತುಗಟ್ಟಲೆ ಚರ್ಚಿಸುವುದಿಲ್ಲವೆ?

ಕ್ಷೇತ್ರಕಾರ್ಯಕ್ಕೆ ಹೊರಡುವ ನನ್ನ ವಿದ್ಯಾರ್ಥಿಗಳಿಗೆ ಈಗ ಹೇಳುತ್ತಿದ್ದೇನೆ: ಟಿಪ್ಪಣಿಯ ಮೊದಲ ಸಾಲಿನಲ್ಲಿ ಹಾಡಿದವಳ ಹೆಸರಿರಲಿ, ಎರಡನೆಯದರಲ್ಲಿ ಅವಳು ಯಾರಿಂದ ಕಲಿತಳೆಂಬುದಿರಲಿ. ಗದ್ದೆಗಳು ಅಡಕೆ ತೋಟಗಳಾಗಿವೆ. ಉಳಿದ ಗದ್ದೆಗಳಿಗೆ ನಾಟಿಯಂತ್ರ ಬಂದಿದೆ. ಆ ಹೆಸರುಗಳನ್ನು ಹೇಳಬಲ್ಲ ಅಜ್ಜಿಯಂದಿರಲ್ಲಿ ಹಲವರು ಎಂಬತ್ತು ದಾಟಿದ್ದಾರೆ.