ರಾವಣನ ಲಗೇಜು, ನನ್ನ ಬ್ಯಾಗು

ಹೊನ್ನಾವರದಲ್ಲಿ ಸಂಜೆ ಆರೂವರೆ. ಮುರ್ಡೇಶ್ವರದಿಂದ ಬೆಳಗಿನ ಜಾವವೇ ಹೊರಟು, ಗುಣವಂತೆಯಲ್ಲಿ ಕೈಮುಗಿದು, ಕಾಸರಕೋಡು ಮುಗಿಸಿ ಶರಾವತಿ ಸೇತುವೆ ದಾಟೋ ಹೊತ್ತಿಗೆ ಕಾಲು ನನ್ನದೋ ಬೇರೆಯವರದ್ದೋ ಅನ್ನೋ ಸ್ಥಿತಿ. ಉಳಿದುಕೊಳ್ಳಬೇಕಿದ್ದ ಮನೆಯ ಜಗಲಿ ಮೇಲೆ ಗೂಡ್ಸ್ ರಿಕ್ಷಾದ ಹುಡುಗ ನಮ್ಮೆಲ್ಲರ ಬ್ಯಾಗು ಇಳಿಸಿ ಹೋಗಿಯಾಗಿತ್ತು. ನನ್ನದನ್ನ ಎತ್ತಿದೆ. ಬ್ಯಾಗು ಅಲ್ಲೇ ಉಳೀತು, ಪಟ್ಟಿ ಕೈಗೆ ಬಂತು :-)

ಸ್ಮೈಲಿ ಈಗ ಹಾಕ್ತಾ ಇದ್ದೀನಿ. ಆಗ ನಗು ಬಂದಿರಲಿಲ್ಲ.

ಇದು 2025ರ ಶಿವರಾತ್ರಿಯ ಮಾತು. ಆ ವರ್ಷ ಶಿವರಾತ್ರಿ ಫೆಬ್ರವರಿ 26ಕ್ಕಿತ್ತು. ನಾವು ಆರು ಜನ, ಅದರಲ್ಲಿ ಒಬ್ಬರು ನನ್ನ ಸೋದರಮಾವ, ವಯಸ್ಸು 64. ಭಟ್ಕಳದಿಂದ ಹೊರಟು ಮುರ್ಡೇಶ್ವರ, ಗುಣವಂತೆ, ಹೊನ್ನಾವರ, ಧಾರೇಶ್ವರ, ಕುಮಟಾ ಮೇಲೆ ಗೋಕರ್ಣಕ್ಕೆ ನಾಲ್ಕು ದಿನದಲ್ಲಿ ನಡೆದು ಮುಟ್ಟೋದು ಅಂತ ಲೆಕ್ಕ. ಯಾವ ಸಂಘದ್ದೂ ಅಲ್ಲ, ನಾವೇ ಕೂತು ಹಾಕಿಕೊಂಡ ಯೋಜನೆ. ಬಿಸಿಲಲ್ಲಿ ಹೆದ್ದಾರಿ ಬದಿ ಬೆನ್ನ ಮೇಲೆ ಎಂಟು ಹತ್ತು ಕೇಜಿ ಹೊತ್ತು ನಡೆಯೋಕೆ ಮಾವನ ಕೈಲಿ ಆಗೋದಿಲ್ಲ ಅಂತ ನೆಪ ಹೇಳಿಕೊಂಡು (ನಿಜ ಹೇಳಬೇಕಂದ್ರೆ ನನ್ನ ಕೈಲೂ ಆಗ್ತಿರಲಿಲ್ಲ) ಒಂದು ಗೂಡ್ಸ್ ರಿಕ್ಷಾ ಗೊತ್ತುಮಾಡಿದ್ವಿ. ದಿನಕ್ಕೆ 800 ರೂಪಾಯಿ. ಬೆಳಿಗ್ಗೆ ಬ್ಯಾಗು ತಗೊಂಡು ಹೋಗಬೇಕು, ಮುಂದಿನ ಊರಲ್ಲಿ ಇಳಿಸಬೇಕು. ಅಷ್ಟೇ ಕರಾರು, ಅದೂ ಬಾಯಿಮಾತಿಂದು.

ಈ ದಾರೀಲಿ ಲಗೇಜು ಹಾಳು ಮಾಡಿಕೊಂಡವರಲ್ಲಿ ನಾನು ಮೊದಲನೆಯವನಲ್ಲ ಬಿಡಿ. ಆತ್ಮಲಿಂಗದ ಕಥೆ ಇನ್ನೇನು? ಶಿವ ಕೊಟ್ಟ ಲಿಂಗ ಹಿಡಿದು ರಾವಣ ಲಂಕೆಗೆ ಹೊರಟ, ನೆಲಕ್ಕೆ ಇಡಬಾರದು ಅಂತ ಷರತ್ತು. ಸಂಧ್ಯಾವಂದನೆ ಹೊತ್ತಾಯ್ತು ಅಂತ ದಾರೀಲಿ ಸಿಕ್ಕಿದ ಮಾಣಿಯ ಕೈಗೆ ಕೊಟ್ಟ. ಮಾಣಿ ಯಾರು ಅಂತ ನಿಮಗೆಲ್ಲ ಗೊತ್ತು. ಮೂರು ಸಲ ಕರೆದ, ಇಟ್ಟೇಬಿಟ್ಟ. ರಾವಣ ಸಿಟ್ಟಲ್ಲಿ ಎಳೆದು ಎಳೆದು, ಲಿಂಗಕ್ಕೆ ಸುತ್ತಿದ್ದನ್ನೆಲ್ಲ ಕಿತ್ತು ಎಸೆದ. ನಾನು ಕೇಳಿ ಬೆಳೆದ ಕಥೇಲಿ ಕರಡಿಗೆ ಹೋಗಿ ಬಿದ್ದದ್ದು ಕಾರವಾರದ ಕಡೆಯ ಸಜ್ಜೇಶ್ವರಕ್ಕೆ, ಮುಚ್ಚಳ ಗುಣವಂತೆಗೆ, ದಾರ ಧಾರೇಶ್ವರಕ್ಕೆ, ಬಟ್ಟೆ ಮುರ್ಡೇಶ್ವರಕ್ಕೆ. ಅಂದರೆ ನಾವು ಕೈಮುಗಿದುಕೊಂಡು ಹೋಗಿದ್ದು ಒಂದು ಹರಿದ ಲಗೇಜಿನ ಚೂರುಗಳಿಗೇ ಅಲ್ಲವಾ ಮಾರಾಯ್ರೆ!

ಇರಲಿ, ನನ್ನ ಬ್ಯಾಗಿಗೆ ಬರೋಣ. ಆರು ವರ್ಷ ಹಳೇದು, ಆಗ 2400 ಕೊಟ್ಟಿದ್ದೆ. ಎಡಗಡೆ ಹೆಗಲಪಟ್ಟಿ ಕೆಳಗಿನ ತುದೀಲಿ ಕಿತ್ತು ಬಂದಿತ್ತು. ಹೊಲಿಗೆ ಬಿಚ್ಚಿದ್ದರೆ ಚಿಂತೆಯಿಲ್ಲ, ಮತ್ತೆ ಹಾಕಬಹುದು. ಇಲ್ಲಿ ಹೊಲಿಗೆ ಗಟ್ಟಿಯಾಗಿಯೇ ಇತ್ತು, ಅದರ ಸುತ್ತಲ ಬಟ್ಟೆಯೇ ಹರಿದಿತ್ತು. ಭಾರವೆಲ್ಲ ಒಂದೇ ಕಡೆ ನೇತಾಡಿ ಜಗ್ಗಿದಾಗ ಹಾಗಾಗೋದು. ಜೊತೆಗೆ ಬ್ಯಾಗಿನ ಅಡಿ ಒದ್ದೆ, ಅದರ ವಾಸನೆ ಏನು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬೆಳಗಿನ ಬಾಡಿಗೆ ಮೀನಿನ ಪೆಟ್ಟಿಗೆಗಳದ್ದು. ಮಂಜುಗಡ್ಡೆ ಕರಗಿದ ನೀರು ಗಾಡಿಯ ತಳದಲ್ಲಿ ನಿಂತಿತ್ತು.

ಮಾವನ ಬ್ಯಾಗಿನ ಬದಿಯ ಜೇಬು ಹರಿದಿತ್ತು. ಅದರೊಳಗಿದ್ದ ಬಿ.ಪಿ. ಮಾತ್ರೆ ಪಟ್ಟಿ ಮುರ್ಡೇಶ್ವರಕ್ಕೂ ಹೊನ್ನಾವರಕ್ಕೂ ನಡುವೆ ಎಲ್ಲೋ ಹೆದ್ದಾರಿ ಪಾಲಾಗಿತ್ತು. ಭಾನುವಾರ ಸಂಜೆ. ತೆರೆದಿದ್ದ ಒಂದು ಮೆಡಿಕಲ್ ಶಾಪು ಹುಡುಕಿ, ಮಾವನ ಮಗಳಿಗೆ ಫೋನು ಮಾಡಿ ಡಾಕ್ಟರ ಚೀಟಿಯ ಫೋಟೋ ತರಿಸಿಕೊಂಡು ಮಾತ್ರೆ ತರೋವಾಗ ಎಂಟೂವರೆ. ಇಷ್ಟಾದರೂ ಮಾವನ ಬೇಜಾರು ಮಾತ್ರೆಯದ್ದಲ್ಲ, ಶಿವರಾತ್ರಿಗೆ ಉಡೋಕೆ ಅಂತ ತಂದ ಮಡಿಪಂಚೆಗೆ ಮೀನಿನ ನೀರು ತಾಗಿದ್ದು!

"ಬೆಳಿಗ್ಗೆ ಅವನ ಹತ್ರ ಕೇಳ್ತೀನಿ" ಅಂದೆ.

"ಯಾತ್ರೆಲಿ ಜಗಳ ಮಾಡಡ ಮಾರಾಯ" ಅಂದ್ರು ಮಾವ. ಉಳಿದವರದ್ದೂ ಅದೇ ರಾಗ. ದೇವರ ಕೆಲಸಕ್ಕೆ ಹೊರಟವರು, ಇಂಥದ್ದೆಲ್ಲ ನುಂಗಿಕೊಳ್ಳಬೇಕು, ಹೋದದ್ದು ಹೋಗಲಿ. ಒಬ್ಬ ಗೆಳೆಯನಂತೂ ನೇರವಾಗೇ ಹೇಳಿದ: "ಬೆಂಗಳೂರಲ್ಲಿ ಅಷ್ಟು ದುಡೀತೀಯ, ಪಾಪದ ಹುಡುಗನ ಹತ್ರ ಒಂದು ಪಟ್ಟಿಗೆ ದುಡ್ಡು ಕೇಳೋಕೆ ನಾಚಿಕೆ ಆಗೋದಿಲ್ವಾ?"

ಈ ಮಾತು ನಾಟಿತು. ಆ ರಾತ್ರಿ ಸೊಳ್ಳೆ ಹೊಡೀತಾ ಯೋಚನೆ ಮಾಡಿದ್ದೆಲ್ಲ ಇದನ್ನೇ. ಅವನು ಹೇಳಿದ್ದರಲ್ಲಿ ಸತ್ಯ ಇದೆ. 800 ರೂಪಾಯಲ್ಲಿ ಡೀಸೆಲ್ಲು ಕಳೆದು, ಗಾಡಿ ಸಾಲದ ಕಂತು ಕಳೆದು ಆ ಹುಡುಗನಿಗೆ ಎಷ್ಟು ಉಳಿಯತ್ತೋ. ಆದರೆ ಮಲಗೋ ಮುಂಚೆ ಇದೇ ಗೆಳೆಯ ಇನ್ನೊಂದು ಮಾತೂ ಆಡಿದ್ದ. "ಆ ಹುಡುಗ ಸಮ ಇಲ್ಲ. ನಾಳೆಯಿಂದ ಬೇರೆ ಗಾಡಿ ನೋಡೋಣ."

ನೋಡಿ, ನನ್ನ ತಕರಾರು ಇಲ್ಲೇ ಇರೋದು. ಮುಖಕ್ಕೆ ಏನೂ ಹೇಳದೆ "ಪರವಾಗಿಲ್ಲ ತಮ್ಮಾ" ಅಂತ ನಕ್ಕು, ಬೆನ್ನ ಹಿಂದೆ ಅವನ ಎರಡು ದಿನದ ಬಾಡಿಗೆ ಕಿತ್ತುಕೊಳ್ಳೋದು ಉದಾರತನವಾ? ಐವತ್ತೋ ನೂರೋ ಕೇಳೋದು ಕ್ರೂರ, 1600 ರೂಪಾಯಿ ಸದ್ದಿಲ್ಲದೆ ತಪ್ಪಿಸೋದು ಪುಣ್ಯ? ಅವನಿಗೆ ತಾನು ಮಾಡಿದ್ದು ತಪ್ಪು ಅಂತಲೂ ಗೊತ್ತಾಗೋದಿಲ್ಲ. ಮುಂದಿನ ಬ್ಯಾಗನ್ನೂ ಹಾಗೇ ಕಟ್ಟುತ್ತಾನೆ, ಅಲ್ಲೂ ಯಾರೋ ನಕ್ಕು ಬೇರೆ ಗಾಡಿ ಹಿಡೀತಾರೆ. ನಮ್ಮ ಕಡೆ ಈ ಚಾಳಿ ಯಾತ್ರೇಲಿ ಮಾತ್ರ ಅಲ್ಲ, ಅಡಿಗೆಯವರ ಹತ್ರ, ಪೇಂಟಿಂಗಿನವರ ಹತ್ರ, ಎಲ್ಲಾ ಕಡೆ ಇದೆ. ಯಾತ್ರೇಲಿ ಅದಕ್ಕೆ ಭಕ್ತಿಯ ಅಂಗಿ ತೊಡಿಸ್ತೀವಿ ಅಷ್ಟೆ.

ಬೆಳಿಗ್ಗೆ ಏಳಕ್ಕೆ ಹುಡುಗ ಬಂದ. ಜಗಳದ ದನಿ ಬೇಡ ಅಂತ ಮೊದಲೇ ನಿಶ್ಚಯಿಸಿದ್ದೆ. ಪಟ್ಟಿ ತೋರಿಸಿದೆ, ಮಾತ್ರೆ ವಿಷಯ ಹೇಳಿದೆ, ಪಂಚೆ ಮೂಸಿ ನೋಡು ಅಂದೆ (ಮೂಸಲಿಲ್ಲ, ನಕ್ಕ). ಹೇಗೆ ಕಟ್ಟಿದ್ದೆ ಅಂತ ಕೇಳಿದ್ದಕ್ಕೆ ಗಾಡಿ ಹತ್ರ ಕರೆದು ತೋರಿಸಿದ. ಎಲ್ಲಾ ಬ್ಯಾಗಿನ ಪಟ್ಟಿಗಳೊಳಗೆ ಒಂದೇ ನೈಲಾನ್ ಹಗ್ಗ ತೂರಿಸಿ ಎರಡೂ ಬದಿಯ ಕೊಂಡಿಗೆ ಬಿಗಿದಿದ್ದ. ಹಂಪು ಹಾರಿದಾಗೆಲ್ಲ ರಾಶಿ ಜಾರೋದು, ಇಡೀ ಭಾರ ತುದಿಯ ಬ್ಯಾಗಿನ ಒಂದು ಪಟ್ಟಿಗೆ ಬೀಳೋದು. ಆ ತುದಿಯ ಬ್ಯಾಗು ನನ್ನದು.

"ಪಟ್ಟಿ ಇರೋದೇ ಕಟ್ಟೋಕಲ್ಲವಾ ಅಣ್ಣಾ? ಬೀಳಬಾರದು ಅಂತಲೇ ಹಾಗೆ ಕಟ್ಟಿದ್ದು. ನಂಗೆ ಯಾರೂ ಹೇಳ್ಲೇ ಇಲ್ಲ."

ಅವನು ಬೇಜವಾಬ್ದಾರಿಯಿಂದ ಮಾಡಿದ್ದಲ್ಲ, ಕಾಳಜಿಯಿಂದಲೇ ಮಾಡಿದ್ದ! ಮೀನಿನ ನೀರಿನ ವಿಷಯಕ್ಕೆ ಮಾತ್ರ ತಲೆ ಕೆರೆದುಕೊಂಡ. ಗಾಡಿ ತೊಳೆದಿದ್ದ, ಆದರೆ ತಳಕ್ಕೆ ಹಾಸಿದ್ದ ಶೀಟು ಎತ್ತಿರಲಿಲ್ಲ. ಮೀನು ಸಾಗಿಸೋದು ಅವನ ಹೊಟ್ಟೆಪಾಡು, ಅದಕ್ಕೆ ನಮ್ಮ ತಕರಾರು ಇರಬಾರದು. ಬೇರೆಯವರ ಬಟ್ಟೆಬರೆ ಹೇರೋ ಮೊದಲು ಶೀಟು ಎತ್ತಿ ತೊಳೆಯೋದು ಅವನ ಕೆಲಸ, ಅದನ್ನ ಹೇಳಲೇಬೇಕು.

ಹೊಸ ಬ್ಯಾಗಿನ ದುಡ್ಡು ಕೇಳಲಿಲ್ಲ. ಆರು ವರ್ಷ ಸವೆದ ಬ್ಯಾಗಿಗೆ ಹೊಸದರ ಬೆಲೆ ಕೇಳೋದು ಅನ್ಯಾಯ. ಪೇಟೆ ಬದಿ ಚಪ್ಪಲಿ ಹೊಲಿಯೋ ಹಿರಿಯರೊಬ್ಬರು ಹಳೇ ಬೆಲ್ಟಿನ ತುಂಡೊಂದನ್ನ ಒಳಗೆ ಕೊಟ್ಟು, ಅದಕ್ಕೆ ಪಟ್ಟಿ ಸೇರಿಸಿ ನಾಲ್ಕು ಸಾಲು ಹೊಲಿಗೆ ಹಾಕಿದ್ರು, ಮಾವನ ಜೇಬನ್ನೂ ಮುಚ್ಚಿದ್ರು. ಒಟ್ಟು 120 ರೂಪಾಯಿ. (ಆ ಹೊಲಿಗೆ ಈಗಲೂ ಗಟ್ಟಿ ಇದೆ, ಬಲಗಡೆ ಪಟ್ಟಿಯೇ ಈಗ ದುರ್ಬಲ.) ಅರ್ಧ ನಿಂದು, ಅರ್ಧ ನಂದು ಅಂದೆ ಹುಡುಗನಿಗೆ. ಪಟ್ಟಿಗಳನ್ನ ಒಳಗೆ ಮಡಚದೆ ನೇತಾಡಿಸಿಕೊಂಡು ಕೊಟ್ಟಿದ್ದು ನನ್ನ ತಪ್ಪು, ಮಾತ್ರೆಯನ್ನ ಗಾಡಿಗೆ ಹಾಕಿದ್ದು ನಮ್ಮ ದೊಡ್ಡ ತಪ್ಪು. 60 ರೂಪಾಯಿ ಕೊಟ್ಟ. ನಾನು ತಗೊಂಡೆ. ಗೆಳೆಯ ಧಾರೇಶ್ವರದ ತನಕ ನನ್ನ ಹತ್ರ ಮಾತಾಡಲಿಲ್ಲ.

ಕಾನೂನು ಏನು ಹೇಳತ್ತೆ ಅಂತ ವಾಪಸ್ ಬಂದಮೇಲೆ ಓದಿದೆ. ದುಡ್ಡು ಕೊಟ್ಟು ಪಡೆದ ಸೇವೆಯಾದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 1915ಕ್ಕೆ ಫೋನು ಮಾಡಿ ವಿಚಾರಿಸಲೂಬಹುದು. 60 ರೂಪಾಯಿಗೆ ಅಲ್ಲಿ ತನಕ ಹೋಗೋದು ಹುಚ್ಚಾಟ, ಆದರೆ ಬ್ಯಾಗಲ್ಲಿ ಲ್ಯಾಪ್‌ಟಾಪೋ ಕ್ಯಾಮರಾವೋ ಇದ್ದವರಿಗೆ ಗೊತ್ತಿರಲಿ. ಪುಕ್ಕಟೆ ಸೇವೆ ಈ ಕಾಯ್ದೆಗೆ ಬರೋದಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯೋರ ಜೊತೆಗೋ, ಪಂಢರಪುರದ ವಾರಿಯಲ್ಲಿ ದಿಂಡಿಯ ಜೊತೆಗೋ ಸಾಮಾನಿನ ಗಾಡಿ ಬರತ್ತಲ್ಲ, ಅಲ್ಲಿ ಬಾಡಿಗೆ ಅಂತ ಏನೂ ಕೊಡದಿದ್ದರೆ "ಗ್ರಾಹಕ" ಅನ್ನಿಸಿಕೊಳ್ಳೋದು ಕಷ್ಟ.

ಹಾಗಂತ ಸೇವೆ ಅಂದಮಾತ್ರಕ್ಕೆ ಜವಾಬ್ದಾರಿ ಇಲ್ಲ ಅಂತಲೂ ಅಲ್ಲ. ನನಗೆ ಆಶ್ಚರ್ಯ ಆಗಿದ್ದು 1872ರ ಕರಾರು ಕಾಯ್ದೆ ಓದಿದಾಗ. ಅದರ 151ನೇ ಸೆಕ್ಷನ್ನಿನ ಸಾರ ಇಷ್ಟು: ಇನ್ನೊಬ್ಬರ ವಸ್ತು ಒಪ್ಪಿಸಿಕೊಂಡವನು, ಸಾಧಾರಣ ವಿವೇಕ ಇರೋ ಮನುಷ್ಯ ಅಂಥದ್ದೇ ಸ್ವಂತ ವಸ್ತುವನ್ನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡಬೇಕು. ಇದು ಎಲ್ಲಾ ಒಪ್ಪಿಸಿಕೊಳ್ಳುವಿಕೆಗೂ ಅನ್ವಯ, ದುಡ್ಡು ತಗೊಂಡಿದ್ದಕ್ಕೆ ಮಾತ್ರ ಅಲ್ಲ. ಅಷ್ಟು ಜೋಪಾನ ಮಾಡಿಯೂ ಹಾಳಾದರೆ ಅವನ ಹೊಣೆಯಲ್ಲ ಅಂತ ಮುಂದಿನ ಸೆಕ್ಷನ್ನೇ ಹೇಳತ್ತೆ. ನಮ್ಮ ಮನೆ ಅಜ್ಜಿ ಹೇಳ್ತಿದ್ದದ್ದೂ ಇದನ್ನೇ, ಪಕ್ಕದ ಮನೆ ಪಾತ್ರೆ ತಂದ್ರೆ ನಮ್ಮ ಪಾತ್ರೆಗಿಂತ ಮೊದಲು ತೊಳೀಬೇಕು ಅಂತ.

ಸ್ಪೇನಿನಲ್ಲಿ ಸ್ಯಾಂಟಿಯಾಗೋಕ್ಕೆ ನಡೆಯೋ ಯಾತ್ರಿಕರ ಬ್ಯಾಗುಗಳನ್ನ ಅಲ್ಲಿನ ಅಂಚೆಯವರೇ ಊರಿಂದ ಊರಿಗೆ ಸಾಗಿಸ್ತಾರೆ. ಹೆಸರು ವಿಳಾಸದ ಚೀಟಿ ಕಟ್ಟಬೇಕು, ತೂಕಕ್ಕೆ ಮಿತಿ ಇದೆ. ನಮ್ಮಲ್ಲಿ ಅಷ್ಟೆಲ್ಲ ವ್ಯವಸ್ಥೆ ಬೇಡ, ಒಂದು ಚೀಟಿ ಸಾಕು. ಆದರೆ ನಾನು ನಿಜವಾಗಿ ಕಲಿತದ್ದು ಶಬರಿಮಲೆಗೆ ನಡೆಯೋರಿಂದ. ಇದೇ ಹೆದ್ದಾರಿಯಲ್ಲಿ ನೋಡಿರ್ತೀರಿ, ಉಳಿದ ಸಾಮಾನೆಲ್ಲ ಗಾಡಿಲಿ ಬಂದರೂ ಇರುಮುಡಿ ಮಾತ್ರ ತಲೆ ಮೇಲೇ. ನಮ್ಮಂಥ ಯಾತ್ರಿಕರಿಗೂ ಒಂದು ಇರುಮುಡಿ ಬೇಕು. ಮಾತ್ರೆ, ಕನ್ನಡಕ, ಫೋನು, ಸ್ವಲ್ಪ ನಗದು, ಒಂದು ಒಣಬಟ್ಟೆ. ಅದು ಗಾಡಿಗಲ್ಲ, ಮೈಮೇಲೆ. ಗಾಡಿಗೆ ಕೊಡೋ ಬ್ಯಾಗಿನದ್ದು ಬೆಳಿಗ್ಗೆ ಒಂದು ಫೋಟೋ, ಸಂಜೆ ಇಳಿಸಿಕೊಳ್ಳೋವಾಗಲೇ ಒಂದು ಸುತ್ತು ನೋಡೋದು. ಹರಿದಿದ್ದರೆ ಅದೇ ದಿನ, ಅವನ ಎದುರಿಗೇ ಹೇಳೋದು. ಊರಿಗೆ ಬಂದು ವಾಟ್ಸಾಪ್ ಗುಂಪಲ್ಲಿ ಬೈಯೋದಕ್ಕಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?

ಕುಮಟಾದಲ್ಲಿ ಮೂರನೇ ರಾತ್ರಿ ಕಳೆದು ಬೆಳಿಗ್ಗೆ ಎದ್ದು ನೋಡಿದ್ರೆ ಹುಡುಗ ಆರು ಹಳೇ ಅಡಿಕೆ ಚೀಲ ಹಿಡಿದು ಬಂದಿದ್ದ. ಒಂದೊಂದು ಬ್ಯಾಗನ್ನೂ ಒಂದೊಂದು ಗೋಣಿಯೊಳಗೆ ಇಳಿಸಿ, ಬಾಯಿ ಕಟ್ಟಿ, ಹಗ್ಗವನ್ನ ಗೋಣಿಯ ಮೇಲಿಂದ ಬಿಗಿದ. ಪಟ್ಟಿಯ ತಂಟೆಯೇ ಇಲ್ಲ. ಇದು ನನಗೂ ಹೊಳೆದಿರಲಿಲ್ಲ. ಗಾಡಿ ಮಿರ್ಜಾನ್, ಮಾದನಗೇರಿ ಮೇಲೆ ಸುತ್ತಿಕೊಂಡು ಹೋಯ್ತು. ನಾವು ಅಘನಾಶಿನಿ ತನಕ ನಡೆದು, ದೋಣೀಲಿ ತದಡಿಗೆ ದಾಟಿ, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಕಡೆಯಿಂದ ಗೋಕರ್ಣ ಮುಟ್ಟಿದ್ವಿ. ಗೆಳೆಯ ಅಷ್ಟೊತ್ತಿಗೆ ಮಾತಾಡೋಕೆ ಶುರುಮಾಡಿದ್ದ, ಬೇರೆ ಗಾಡಿ ವಿಷಯ ಎತ್ತಲಿಲ್ಲ.

ಶಿವರಾತ್ರಿ ದಿನ ಮಾವ ತೊಳೆದು ಒಣಗಿಸಿದ ಪಂಚೆ ಉಟ್ಟುಕೊಂಡು ಹೊರಗೆ ಬಂದ್ರು. ತುದಿ ಎತ್ತಿ ಮೂಸಿ ನೋಡಿದ್ರು.

"ಈಗ ಅಡಿಕೆ ವಾಸ್ನೆ. ಅಡ್ಡಿಲ್ಲೆ" ಅಂದ್ರು.