ದುರಸ್ತಿ ಬೇರೆ, ದುರಾಸೆ ಬೇರೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ 1960ರ ದಶಕದ ಆರಂಭದಿಂದ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು ಮಲೆನಾಡಿನ ಕೊಟ್ಟಿಗೆಗಳಲ್ಲಿ, ಅಂಗಳದ ಚಪ್ಪರಗಳಡಿಯಲ್ಲಿ ಇನ್ನೂ ಉಳಿದಿವೆ. ಈಗ ಮೊಮ್ಮಕ್ಕಳು ಅಜ್ಜನ ಗಾಡಿಯನ್ನು ಹೊರಗೆಳೆದು, ತುಕ್ಕು ಉಜ್ಜಿ, ಎಂಜಿನ್ ಬಿಚ್ಚುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಬಿಚ್ಚಿದ ಎಂಜಿನ್ನನ್ನು ಮೊದಲಿದ್ದಂತೆ ಜೋಡಿಸುವ ಬದಲು, ‘ಪಿಕಪ್’ ಹೆಚ್ಚಿಸುವ ಹೆಸರಿನಲ್ಲಿ ಬ್ಲಾಕಿನ ಪೋರ್ಟುಗಳನ್ನು ಅರದಿಂದ ಉಜ್ಜಿ ಹಿಗ್ಗಿಸುವುದು, ಹೆಡ್ ಸವೆಸುವುದು, ಸೈಲೆನ್ಸರ್ ಕಿತ್ತು ನಡುವೆ ಉಬ್ಬಿದ ಎಕ್ಸ್‌ಪಾನ್ಷನ್ ಚೇಂಬರ್ ಸಿಕ್ಕಿಸುವುದು ಸಹ ಅದೇ ಗ್ಯಾರೇಜುಗಳಲ್ಲಿ ನಡೆಯುತ್ತಿದೆ. ಈ ಎರಡು ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯಲಾಗದು. ಮೊದಲನೆಯದು ದುರಸ್ತಿ, ಎರಡನೆಯದು ದುರಾಸೆ.

ಗುಜರಿಯೇ ಪರಿಹಾರವಲ್ಲ

ಹಳೆಯ ಟೂ ಸ್ಟ್ರೋಕ್ ಗಾಡಿಗಳನ್ನೆಲ್ಲ ಗುಜರಿಗೆ ಹಾಕಬೇಕೆಂದು ವಾದಿಸುವ ಪರಿಸರವಾದಿಗಳಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿದ ಹೊಗೆಯನ್ನು ಹೊರದಬ್ಬುವ ಕೆಲಸವನ್ನು ಒಳಬರುವ ಹೊಸ ಪೆಟ್ರೋಲು ಮಿಶ್ರಣವೇ ಮಾಡಬೇಕಾಗುತ್ತದೆ. ಹಾಗೆ ದಬ್ಬುವಾಗ ಮಿಶ್ರಣದ ಒಂದು ದೊಡ್ಡ ಪಾಲು, ಕೆಲವೊಮ್ಮೆ ಕಾಲುಭಾಗಕ್ಕೂ ಮಿಕ್ಕಿ, ಉರಿಯದೆಯೇ ಹೊರಗೆ ಹೋಗುತ್ತದೆ. ಪೆಟ್ರೋಲಿನೊಡನೆ ಬೆರೆತ ಎಣ್ಣೆ ನೀಲಿ ಹೊಗೆಯಾಗುತ್ತದೆ. ಇದನ್ನು ಯಾವ ಅಭಿಮಾನವೂ ಮುಚ್ಚಿಡಲಾರದು.

ಆದರೆ ಹೊಸ ಗಾಡಿ ಆಕಾಶದಿಂದ ಇಳಿದು ಬರುವುದಿಲ್ಲ. ಅದರ ಕಬ್ಬಿಣ ಯಾವುದೋ ಒಂದು ಬೆಟ್ಟದ ಹೊಟ್ಟೆಯಿಂದಲೇ ಬರಬೇಕು. ಕುದುರೆಮುಖದ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಲ್ಲುವವರೆಗೆ ಭದ್ರೆಯ ನೀರು ಯಾವ ಬಣ್ಣದಲ್ಲಿ ಹರಿಯಿತು ಎಂಬುದನ್ನು ಕಂಡ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇರುವ ಲೋಹವನ್ನು ಇನ್ನೊಂದು ತಲೆಮಾರಿಗೆ ಬಳಸುವುದು, ತಿಂಗಳಿಗೆ ನಾಲ್ಕಾರು ಬಾರಿ ಪೇಟೆಗೆ ಹೋಗಿ ಬರುವಷ್ಟು ಮಿತವಾಗಿ ಓಡಿಸುವುದು, ತಪ್ಪಲ್ಲ. ಷರತ್ತು ಒಂದೇ: ಎಂಜಿನ್ ಆರೋಗ್ಯವಾಗಿರಬೇಕು.

ಹಳೆಯ ಗಾಡಿಯ ಹೊಗೆಯಲ್ಲಿ ಬಹುಪಾಲು ವಯಸ್ಸಿನದಲ್ಲ, ಅಲಕ್ಷ್ಯದ್ದು. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದರೆ ಒಂದು ಕಡೆಯಿಂದ ಗೇರ್‌ಬಾಕ್ಸಿನ ಎಣ್ಣೆ ಒಳಸೇರಿ ಉರಿಯುತ್ತದೆ. ಇನ್ನೊಂದು ಕಡೆಯಿಂದ ಬೇಡದ ಗಾಳಿ ಸೇರಿ ಎಂಜಿನ್ ಕಾಯುತ್ತದೆ. ರಿಂಗ್ ಸವೆದರೆ ಒತ್ತಡ ಸೋರುತ್ತದೆ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೆ ಉಸಿರು ಸಿಕ್ಕುತ್ತದೆ. ಸೀಲ್ ಬದಲಿಸಿ, ಬ್ಲಾಕನ್ನು ಬೋರ್ ಮಾಡಿಸಿ ಸರಿಯಾದ ಅಳತೆಯ ಪಿಸ್ಟನ್ ಹಾಕಿ, ಮಸಿ ಕೆರೆದು, ಪಾಯಿಂಟ್ ಹೊಂದಿಸಿ, ಎಣ್ಣೆಯನ್ನು ಅಂದಾಜಿನಲ್ಲಿ ಸುರಿಯದೆ ಅಳೆದು ಬೆರೆಸಿದರೆ ಹೊಗೆಯೂ ಇಳಿಯುತ್ತದೆ, ಕಳೆದುಹೋಗಿದ್ದ ಶಕ್ತಿಯೂ ಮರಳುತ್ತದೆ. ಯುವಕರು ‘ಪಿಕಪ್ ಇಲ್ಲ’ ಎಂದು ದೂರುವ ಗಾಡಿಗಳಿಗೆ ಹೆಚ್ಚಾಗಿ ಬೇಕಾಗಿರುವುದು ಹೊಸ ಶಕ್ತಿಯಲ್ಲ, ಹಳೆಯ ಶಕ್ತಿಯೇ.

ಇನ್ನೊಂದು ಮಾತು. ಸುಮಾರು 1000 ಮೀಟರ್ ಎತ್ತರದ ಊರುಗಳಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳುವಾಗಿರುತ್ತದೆ. ಎಂಜಿನ್ ಅಷ್ಟರಮಟ್ಟಿಗೆ ಸೋಲುವುದು ಪ್ರಕೃತಿಸಹಜ. ತೆಳುಗಾಳಿಗೆ ಪೆಟ್ರೋಲನ್ನೂ ತುಸು ಕಡಿಮೆ ಮಾಡುವುದು ವಿವೇಕ. ಅದನ್ನು ಬಿಟ್ಟು ದೊಡ್ಡ ಜೆಟ್ ಹಾಕುವವನು ಉರಿಸಲಾಗದ ಪೆಟ್ರೋಲನ್ನು ಕಾಡಿಗೆ ಸುರಿಯುತ್ತಾನೆ.

ಹೆಚ್ಚಿನ ಶಕ್ತಿ ಎಲ್ಲಿಂದ ಬರುತ್ತದೆ?

ಟೂ ಸ್ಟ್ರೋಕ್ ಎಂಜಿನ್ನಿನ ಶಕ್ತಿ ಹೆಚ್ಚಿಸುವ ವಿದ್ಯೆ ಸುಳ್ಳಲ್ಲ. ಅದು ದೊಡ್ಡ ವಿಜ್ಞಾನವೇ. ಪೂರ್ವ ಜರ್ಮನಿಯ ಎಂಜಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ, ಬಡ ದೇಶದ ಬಡ ಸಲಕರಣೆಗಳಿಂದಲೇ, ಹೊಗೆಕೊಳವೆಯೊಳಗಿನ ಒತ್ತಡದ ಅಲೆಗಳನ್ನು ಅಭ್ಯಸಿಸಿದರು. ಹೊರಗೆ ಓಡುವ ಹೊಸ ಮಿಶ್ರಣವನ್ನು ಅದೇ ಅಲೆಯಿಂದ ಹಿಂದಕ್ಕೆ ತಳ್ಳುವ ಉಬ್ಬುಕೊಳವೆಯನ್ನು ರೇಸಿಗೆ ಪಳಗಿಸಿದರು. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ನೀಡಿತು. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ, ಈ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಯ್ದನು. ಇಂದು ಸಣ್ಣ ಊರಿನ ಗ್ಯಾರೇಜಿನಲ್ಲಿ ಬೆಸುಗೆ ಹಾಕುವ ಚೇಂಬರಿನ ಮೂಲಪುರುಷ ಕಾಡೆನ್.

ಆದರೆ ಕಾಡೆನ್ ಮಾಡಿದ್ದು ರೇಸಿನ ಎಂಜಿನ್. ಅದು ಓಟದ ಅಂಗಳಕ್ಕೆ ಹುಟ್ಟಿದ್ದು. ಓಟ ಮುಗಿದ ಮೇಲೆ ಬಿಚ್ಚಿ ನೋಡಲು ಎಂಜಿನಿಯರ ಪಡೆಯೇ ಇತ್ತು. ಕೊಳವೆಯ ಅಲೆ ಎಂಜಿನ್ನಿನ ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ ಸರಿಯಾದ ಹೊತ್ತಿಗೆ ಮರಳುತ್ತದೆ. ಆ ಪಟ್ಟಿಯ ಕೆಳಗೆ ಅದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಹೊಗೆಯ ಪೋರ್ಟನ್ನು ಎತ್ತರಿಸಿದಾಗಲೂ ಹೀಗೆಯೇ: ಅದು ಬೇಗ ತೆರೆಯುವುದರಿಂದ ಉರಿದ ಅನಿಲ ಪಿಸ್ಟನ್ನನ್ನು ಒತ್ತುವ ದಾರಿ ಕುಗ್ಗುತ್ತದೆ. ಮೇಲಿನ ವೇಗದಲ್ಲಿ ಗಳಿಸಿದ್ದನ್ನು ಕೆಳಗಿನ ವೇಗದಲ್ಲಿ ಕಳೆದುಕೊಳ್ಳಬೇಕಾಗುತ್ತದೆ.

ಘಾಟಿಗೆ ಬೇಕಾಗಿರುವುದೇ ಕೆಳಗಿನ ವೇಗದ ಎಳೆತ. ಹಳೆಯ ಜಾವಾ ಎಂಜಿನ್ನಿನ ಬೋರ್ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಅಶ್ವಶಕ್ತಿ ಸುಮಾರು ಹನ್ನೆರಡೇ ಆದರೂ, ಉದ್ದ ಓಟದ ಈ ಎಂಜಿನ್ ಅವಸರವಿಲ್ಲದೆ ಎಳೆಯುತ್ತದೆ. ಅಡಿಕೆ ಮೂಟೆ ಹೇರಿಕೊಂಡು ಆಗುಂಬೆಯ ತಿರುವು ಹತ್ತುವವನಿಗೆ ಬೇಕಾದದ್ದು ಇದೇ. ವರದಾ ನದಿಯ ನೆರೆ ನಿಲ್ಲುವ ಗದ್ದೆಗಳಿಗೆ ನೆರೆಗುಳಿ ಬತ್ತ ಹೇಗೋ ಈ ಗುಡ್ಡಗಳಿಗೆ ಆ ಎಂಜಿನ್ ಹಾಗೆ. ಕಾಗದದ ಮೇಲಿನ ಇಳುವರಿ ಕಡಿಮೆಯಿರಬಹುದು; ನೆಲಕ್ಕೆ ಒಗ್ಗಿದ ಗುಣ ದೊಡ್ಡದು. ಆ ಗುಣವನ್ನು ಅರದಿಂದ ಉಜ್ಜಿ ತೆಗೆದು ಸಪಾಟು ರಸ್ತೆಯ ಓಟವನ್ನು ತುಂಬುವುದು ಬೆಟ್ಟದವನಿಗೆ ಲಾಭವೇ?

ಲೋಹ ಇದರ ಲೆಕ್ಕವನ್ನು ತಪ್ಪದೆ ಇಡುತ್ತದೆ. ಎಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತಿನಿಂದ ಏಳು ಸಾವಿರಕ್ಕೆ ಏರಿದರೆ, ಪಿಸ್ಟನ್ನಿನ ಜಡತೆ ಕನೆಕ್ಟಿಂಗ್ ರಾಡನ್ನು ಎಳೆಯುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅರವತ್ತು ಕಿಲೋಮೀಟರ್ ವೇಗದ ಗಾಡಿ ಎಂಬತ್ತಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗೂ ಹೆಚ್ಚುತ್ತದೆ. ಬ್ರೇಕು ಮಾತ್ರ ಅದೇ ಹಳೆಯ ಡ್ರಮ್ಮು. ಇಳಿಜಾರಿನಲ್ಲಿ ಇನ್ನೊಂದು ಅಪಾಯ ಕಾದಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ, ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಪೆಟ್ರೋಲಿನ ಜೊತೆಗೆ ಎಣ್ಣೆಯೂ ನಿಂತಂತಾಗುತ್ತದೆ. ಹೆಡ್ ಸವೆಸಿ ಒತ್ತಡ ಹೆಚ್ಚಿಸಿದ, ಮೊದಲೇ ಕಾದ ಎಂಜಿನ್ನಿನ ಪಿಸ್ಟನ್ ಹಿಡಿದುಕೊಂಡು ಚಕ್ರ ಕಚ್ಚುವುದು ಇಂಥ ಹೊತ್ತಿನಲ್ಲಿಯೇ. ತಿರುವಿನ ಆಚೆ ಪ್ರಪಾತವಿರುವ ರಸ್ತೆಯಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಸದ್ದು ಯಾರ ಹಕ್ಕು?

‘ರೆಸಾರ್ಟಿನ ಜೀಪುಗಳ ಮುಂದೆ, ಮರಳಿನ ಲಾರಿಗಳ ಮುಂದೆ ಒಬ್ಬ ಹುಡುಗನ ಹಳೇ ಬೈಕು ಎಷ್ಟರದು?’ ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಉತ್ತರ ಕೇಳುವವನಿಗೇ ತಿರುಗುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರದ ನಿರ್ಬಂಧವನ್ನು ಬೆಂಬಲಿಸುವವರು, ಪ್ರವಾಸಿಗರ ಗದ್ದಲದ ವಿರುದ್ಧ ಅರ್ಜಿ ಕೊಡುವವರು, ತಮ್ಮದೇ ಊರಿನ ಹುಡುಗ ಸೈಲೆನ್ಸರ್ ಕಿತ್ತ ಗಾಡಿಯನ್ನು ನಡುರಾತ್ರಿ ಕಾಡಿನ ರಸ್ತೆಯಲ್ಲಿ ಓಡಿಸುವಾಗ ಕಿವಿ ಮುಚ್ಚಿಕೊಂಡರೆ ಆ ಅರ್ಜಿಗೆ ಬೆಲೆ ಉಳಿಯುವುದಿಲ್ಲ. ಮಳೆಗಾಲದ ರಾತ್ರಿ ಗಂಡು ಕಪ್ಪೆ ಕೂಗುವುದು ವಿನೋದಕ್ಕಲ್ಲ. ಹೆಣ್ಣಿಗೆ ಆ ಕೂಗು ಕೇಳಿಸದಿದ್ದರೆ ಮೊಟ್ಟೆಯಿಲ್ಲ, ಮುಂದಿನ ಪೀಳಿಗೆಯಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಸದ್ದಿನ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಮನುಷ್ಯನಿಗೆ ನಿಗದಿಪಡಿಸಿವೆ. ಕಪ್ಪೆಗೆ ದೂರು ಕೊಡುವ ಠಾಣೆಯಿಲ್ಲ.

ಕಾನೂನೂ ಸ್ಪಷ್ಟವಾಗಿದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಆದರೆ ದಂಡದ ಹೆದರಿಕೆಯಿಂದ ಬರುವ ವಿವೇಕ ಚೆಕ್‌ಪೋಸ್ಟು ದಾಟುವವರೆಗೆ ಮಾತ್ರ ಬಾಳುತ್ತದೆ. ತಿಳಿವಳಿಕೆಯಿಂದ ಬಂದದ್ದು ಮಾತ್ರ ಉಳಿಯುತ್ತದೆ.

ಎಂಜಿನ್ ಬಿಚ್ಚುವ ವಿದ್ಯಾರ್ಥಿಯ ಕೈಯಲ್ಲಿರುವುದು ಸಣ್ಣ ವಿದ್ಯೆಯಲ್ಲ. ಅದೇ ಕೈ ಮೈಕ್ರೊಮೀಟರ್ ಹಿಡಿದು ಬೋರಿನ ಸವೆತ ಅಳೆಯಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪುಗಳು, ಕಳೆ ಕೊಚ್ಚುವ ಯಂತ್ರಗಳು ಪ್ರತಿ ಊರಿನಲ್ಲಿಯೂ ಮಳೆ ಹಿಡಿದ ಹೊತ್ತಿನಲ್ಲೇ ಕೆಟ್ಟು ಕೂರುತ್ತವೆ. ಅವುಗಳನ್ನು ಬಿಚ್ಚಿ ಸರಿಪಡಿಸಲಿ. ಊರಿಗೊಂದು ದುರಸ್ತಿ ಕೂಟ ಕಟ್ಟಿ, ಯಾವ ಗಾಡಿಯ ಹೊಗೆ ಎಷ್ಟು ಇಳಿಯಿತು, ಒಂದು ಲೀಟರಿಗೆ ಎಷ್ಟು ದೂರ ಹೆಚ್ಚು ಓಡಿತು ಎಂದು ಲೆಕ್ಕವಿಡಲಿ. ವೇಗದ ಚಟ ತೀರದವರಿಗೆ ಓಟದ ಅಂಗಳಗಳಿವೆ. ಘಾಟಿ ರಸ್ತೆ ಅಂಥ ಅಂಗಳವಲ್ಲ. ಅಜ್ಜ ಬಿಟ್ಟುಹೋದ ಹನ್ನೆರಡು ಕುದುರೆಗಳನ್ನು ಆರೋಗ್ಯವಾಗಿ ಸಾಕಬಲ್ಲವನಿಗೆ ಹದಿಮೂರನೆಯದರ ಅಗತ್ಯವಿಲ್ಲ.